ಕನ್ನಡ ಬರುತ್ತದೆ, ಆದರೂ ಮಾತು ಒಗ್ಗುತ್ತಿಲ್ಲ: ಉತ್ತರ ಕನ್ನಡಕ್ಕೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಶಿರಸಿ ಕಡೆ. ಕಾರವಾರದಲ್ಲಿ ಸಂಜೆ ಹೊತ್ತು ಮಾತಾಡುವ ಕನ್ನಡ ಹೇಳಿಕೊಡುತ್ತೇನೆ. ಕೈಗಾಕ್ಕೆ, ನೌಕಾನೆಲೆಗೆ, ಬ್ಯಾಂಕಿಗೆ ಕೆಲಸಕ್ಕೆಂದು ಬಂದವರು ಬರುತ್ತಾರೆ. ಬೆಂಗಳೂರು, ಪುಣೆ ಕಡೆ ಬೆಳೆದು ರಜೆಗೆ ಅಜ್ಜನಮನೆಗೆ ಬರುವ ನಮ್ಮ ಮಕ್ಕಳೂ ಬರುತ್ತಾರೆ. ಇಬ್ಬರ ಕಷ್ಟವೂ ಹೆಚ್ಚುಕಡಿಮೆ ಒಂದೇ. ಶಬ್ದ ಗೊತ್ತು, ವ್ಯಾಕರಣ ಗೊತ್ತು. ಆದರೂ ಬಾಯಿ ಬಿಟ್ಟ ಕೂಡಲೇ ಎದುರಿನವರು ಹಿಂದಿಗೆ ತಿರುಗಿಬಿಡುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೂ ನನಗೆ ತೋಚಿದ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ತಪ್ಪಿಲ್ಲದೆ ಮಾತಾಡುತ್ತೇನೆ. ಅಷ್ಟು ಸಾಲದೇ?

ಕೆಲಸ ಆಗಲು ಸಾಕು. ಸಹಜ ಅನಿಸಲು ಸಾಲದು. ಒಂದು ವಿಷಯ ಹೇಳಲು ವ್ಯಾಕರಣ ಒಪ್ಪುವ ವಾಕ್ಯಗಳು ಹತ್ತಾರು ಸಿಗುತ್ತವೆ. ಆದರೆ ಆ ಜಾಗದಲ್ಲಿ, ಆ ಹೊತ್ತಿನಲ್ಲಿ, ಆ ಇಬ್ಬರ ನಡುವೆ ಬರುವ ಮಾತು ಅವುಗಳಲ್ಲಿ ಒಂದೋ ಎರಡೋ. ಅದು ಯಾವುದು ಅಂತ ಗೊತ್ತಿದ್ದು, ಹುಡುಕದೆ ಬಾಯಿಗೆ ಬಂದರೆ ಅದನ್ನು ಸಹಜ ಮಾತು ಅನ್ನುತ್ತೇವೆ.

ಕುಮಟಾ ಪೇಟೆಯ ಯಾವುದಾದರೂ ದಿನಸಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಅಂಗಡಿಯವರು ತಲೆಯೆತ್ತಿ "ಏನು ಬೇಕಿತ್ತು?" ಅನ್ನುತ್ತಾರೆ. "ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?" ಅಂತ ಯಾರೂ ಕೇಳುವುದಿಲ್ಲ. ಆ ವಾಕ್ಯದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಆದರೆ ಅದು ನಮ್ಮ ಅಂಗಡಿಯ ಮಾತಲ್ಲ. ಇನ್ನೊಂದು ನೋಡಿ. ಸಾಮಾನು ಬೇಕಾಗಿರುವುದು ಈಗ, ಆದರೂ "ಬೇಕಿತ್ತು" ಅನ್ನುತ್ತಾರೆ. "ಏನು ಬೇಕು?" ಅಂದರೆ ಸ್ವಲ್ಪ ಗದರಿದ ಹಾಗೆ ಕೇಳಿಸಬಹುದು. "ಬೇಕಿತ್ತು" ಅಂದಾಗ ಮಾತು ಮೆತ್ತಗಾಗುತ್ತದೆ. ಗಿರಾಕಿಯೂ ಅದೇ ಧಾಟಿಯಲ್ಲಿ "ಅರ್ಧ ಕೇಜಿ ಅವಲಕ್ಕಿ ಬೇಕಾಗಿತ್ತು" ಅನ್ನುತ್ತಾರೆ. ಚೀಲ ಎತ್ತಿಕೊಂಡು ಹೊರಡುವಾಗ "ಬರ್ತೇನೆ" ಅನ್ನುತ್ತಾರೆ. ಬರಿದೇ "ಹೋಗ್ತೇನೆ" ಅಂದುಬಿಟ್ಟರೆ ಕೇಳಿದವರಿಗೆ ಒಂಥರಾ ಆಗುತ್ತದೆ. ಇವೆಲ್ಲ ಚಿಕ್ಕ ಮಾತುಗಳು. ಕಲಿಸುವವರು ಹೇಳಲು ಮರೆಯುವುದು ಇವನ್ನೇ, ಏಕೆಂದರೆ ಅವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ.

ಉಚ್ಚಾರ ಸರಿ ಮಾಡಿಕೊಂಡರೆ ಆಯ್ತಲ್ವಾ?

ಉಚ್ಚಾರದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕಾರವಾರದಲ್ಲಿ ಕೊಂಕಣಿ ಮನೆಮಾತಿನವರು ತಲೆಮಾರುಗಳಿಂದ ಕೊಂಕಣಿ ರಾಗದಲ್ಲೇ ಕನ್ನಡ ಮಾತಾಡುತ್ತಾರೆ. ಅವರ ಮಾತು ಅಸಹಜ ಅಂತ ಇಲ್ಲಿ ಯಾರಿಗೂ ಅನಿಸುವುದಿಲ್ಲ. ಎರಡು ವಿಷಯದಲ್ಲಿ ಮಾತ್ರ ಕಿವಿ ಚುರುಕಾಗಿರಲಿ. ಒಂದು, ಲ ಮತ್ತು ಳ. ಹುಲಿಗೂ ಹುಳಿಗೂ, ಬೆಲೆಗೂ ಬೆಳೆಗೂ ಇರುವ ದೂರ ಗೊತ್ತೇ ಇದೆ. ಇನ್ನೊಂದು, ಸ್ವರದ ಉದ್ದ. ಬಳೆ ಕೇಳಲು ಹೋಗಿ ಬಾಳೆ ಕೇಳಿದರೆ ಅಂಗಡಿಯೇ ಬದಲಾಗುತ್ತದೆ. ಉಳಿದದ್ದು ತಾನಾಗಿ ಬರುತ್ತದೆ, ಬರದಿದ್ದರೂ ಅಡ್ಡಿಯಿಲ್ಲ.

ಇಲ್ಲಿ ಹತ್ತು ಥರದ ಕನ್ನಡ ಕೇಳಿಸುತ್ತದೆ. ನಾನು ಯಾವುದನ್ನು ಕಲಿಯಲಿ?

ಹೌದು, ನಮ್ಮ ಜಿಲ್ಲೆಯಷ್ಟು ಮಾತಿನ ಬಗೆ ಇರುವ ಜಿಲ್ಲೆಗಳು ಕಡಿಮೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಹವ್ಯಕರ ಮನೆಮಾತಾದ ಹವಿಗನ್ನಡ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದರೆ, ಅಲ್ಲಿಂದ ಅಂಕೋಲಾ, ಹೊನ್ನಾವರದವರೆಗೆ ಹಾಲಕ್ಕಿ ಒಕ್ಕಲಿಗರದ್ದು ಒಂದು ಕನ್ನಡ, ನಾಡವರದ್ದು ಇನ್ನೊಂದು, ನಾಮಧಾರಿಗಳದ್ದು ಮತ್ತೊಂದು. ಭಟ್ಕಳದಲ್ಲಿ ಅಲ್ಲಿಯ ಮುಸ್ಲಿಮರು ಆಡುವ, ಅರಬ್ಬಿ, ಫಾರ್ಸಿ ಶಬ್ದಗಳು ಬೆರೆತ ನವಾಯತಿ. ಕಾರವಾರದಲ್ಲಿ ಬೀದಿ ಮಾತೇ ಕೊಂಕಣಿ. ಹಳಿಯಾಳ, ಜೋಯಿಡಾ ಕಡೆ ಮರಾಠಿ ಜಾಸ್ತಿ. ಮುಂಡಗೋಡಕ್ಕೆ ಹೋದರೆ ಧಾರವಾಡ, ಹಾವೇರಿ ಕಡೆಯ ಧಾಟಿ ಕೇಳಿಸುತ್ತದೆ. ಅಲ್ಲೇ ಟಿಬೆಟಿಯನ್ ಕ್ಯಾಂಪಿನವರ ಕನ್ನಡವೂ ಇದೆ.

ಇದರ ಮೇಲೆ ಚರಿತ್ರೆಯ ಪದರವೂ ಇದೆ. 1862ರಲ್ಲಿ ಈ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಅಷ್ಟು ಕಾಲದ ಆಡಳಿತ ಹಳಬರ ಬಾಯಲ್ಲಿ ಇನ್ನೂ ಉಳಿದಿದೆ. ತಹಸೀಲ್ದಾರರಿಗೆ ಅವರು ಮಾಮಲೇದಾರ ಅನ್ನುತ್ತಾರೆ, ಜಮೀನಿನ ಕಾಗದಕ್ಕೆ ಉತಾರ ಅನ್ನುತ್ತಾರೆ. ಮೈಸೂರಿನಿಂದ ಬಂದವರಿಗೆ ಇದು ತಪ್ಪು ಕನ್ನಡದ ಹಾಗೆ ಕಾಣಬಹುದು. ಇಲ್ಲಿಯವರಿಗೆ ಅದು ಅಜ್ಜ, ಮುತ್ತಜ್ಜನ ಕಾಲದಿಂದ ಬಂದ ಮಾತು.

ಹೊರಗಿನಿಂದ ಬಂದವರಿಗೆ ನನ್ನ ಸಲಹೆ ಇಷ್ಟು. ಎಲ್ಲ ಕಡೆ ನಡೆಯುವ ಸರಳ ಆಡುಮಾತಿನಲ್ಲೇ ಶುರು ಮಾಡಿ. ಅದರ ಮೇಲೆ ಜಿಲ್ಲೆಗೆಲ್ಲ ಸಾಮಾನ್ಯವಾದ ಒಂದಷ್ಟು ಮಾತು ಸೇರಿಸಿಕೊಳ್ಳಿ. ಸರಿ, ಪರವಾಗಿಲ್ಲ ಅನ್ನುವ ಕಡೆ "ಅಡ್ಡಿಲ್ಲ". ಬಹಳ ಅನ್ನುವ ಕಡೆ "ರಾಶಿ", ಅಂದರೆ ರಾಶಿ ಜನ, ರಾಶಿ ಮಳೆ. ಚೆನ್ನಾಗಿದೆ ಅನ್ನಲು "ಚಲೋ". ಏನು ಅನ್ನಲು "ಎಂತ". "ಮಾಡ್ತೀನಿ" ಬದಲು "ಮಾಡ್ತೇನೆ". ಇವಿಷ್ಟು ಬಂದರೆ ಜನ ನಿಮ್ಮನ್ನು ಹತ್ತಿರ ಮಾಡಿಕೊಳ್ಳುತ್ತಾರೆ. ಒಂದು ಜಾತಿಯ, ಒಂದು ಮನೆಯ ಒಳಮಾತನ್ನು ಮಾತ್ರ ಅನುಕರಿಸಲು ಹೋಗಬೇಡಿ. ಹಾಲಕ್ಕಿಯವರ ಹತ್ತಿರ ಹಾಲಕ್ಕಿ ಕನ್ನಡ, ಹವ್ಯಕರ ಹತ್ತಿರ ಹವಿಗನ್ನಡ ಅಂತ ಬೇರೆಯವರು ಪ್ರಯತ್ನಿಸಿದರೆ ಎಷ್ಟೇ ಪ್ರೀತಿಯಿಂದ ಮಾಡಿದರೂ ಅಣಕಿಸಿದ ಹಾಗೆ ಕೇಳಿಸುವ ಅಪಾಯ ಇದೆ. ಒಳಮಾತು ತಿಳಿಯುವಷ್ಟು ಕಿವಿ ಬೆಳೆಸಿಕೊಳ್ಳಿ. ಉತ್ತರ ನಿಮ್ಮ ಕನ್ನಡದಲ್ಲೇ ಕೊಡಿ.

ಶಿರಸಿಯ ಮನೆಯೊಂದರಲ್ಲಿ "ಅಕ್ಕ ಬಂತು" ಅಂದರು. ಇದು ಅಗೌರವ ಅಲ್ವಾ?

ಅಲ್ಲವೇ ಅಲ್ಲ. ಹವಿಗನ್ನಡದಲ್ಲಿ ಹೆಣ್ಣುಮಕ್ಕಳ ಬಗ್ಗೆ ಹೇಳುವಾಗ ಕ್ರಿಯಾಪದ "ಬಂತು" ಅಂತಲೇ ನಿಲ್ಲುತ್ತದೆ. ಆಯಿ, ಅಕ್ಕ, ತಂಗಿ ಎಲ್ಲರಿಗೂ ಹಾಗೆಯೇ. ಶಾಲೆಯ ಕನ್ನಡದ ಲೆಕ್ಕದಲ್ಲಿ ನೋಡಿದರೆ ಇದು ವಸ್ತುವಿಗೆ ಹೇಳುವ ರೂಪ. ಆ ಮನೆಯ ಲೆಕ್ಕದಲ್ಲಿ ಇದು ಪ್ರೀತಿಯ, ದಿನಬಳಕೆಯ ಮಾತು. ಒಂದು ಕನ್ನಡದ ಅಳತೆಗೋಲು ಹಿಡಿದು ಇನ್ನೊಂದು ಕನ್ನಡ ಅಳೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಮ್ಮ ಕಡೆಯ ಎಷ್ಟೋ ಹುಡುಗಿಯರು ಬೆಂಗಳೂರಿನ ಹಾಸ್ಟೆಲಿನಲ್ಲಿ ಮನೆಗೆ ಫೋನ್ ಮಾಡುವಾಗ ದನಿ ತಗ್ಗಿಸಿ ಮಾತಾಡುತ್ತಾರೆ. ಅಕ್ಕಪಕ್ಕದವರು ನಗುತ್ತಾರೆ ಅಂತ. ನನಗೆ ಅದು ಬಹಳ ಬೇಸರದ ವಿಷಯ.

"ದಯವಿಟ್ಟು", "ಧನ್ಯವಾದ" ಹೇಳದೆ ಮಾತಾಡಿದರೆ ಒರಟು ಅನಿಸುವುದಿಲ್ಲವೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಈ ಎರಡು ಶಬ್ದ ಇಲ್ಲದಿದ್ದರೆ ಕೈಕಾಲೇ ಆಡುವುದಿಲ್ಲ. ಕನ್ನಡದಲ್ಲಿ ವಿನಯ ಇರುವುದು ಬೇರೆ ಜಾಗದಲ್ಲಿ. ಕ್ರಿಯಾಪದದ ಕೊನೆಯಲ್ಲಿ ಇರುತ್ತದೆ, ಕರೆಯುವ ರೀತಿಯಲ್ಲಿ ಇರುತ್ತದೆ, "ಸ್ವಲ್ಪ" ಅನ್ನುವ ಮಾತಿನಲ್ಲಿ ಇರುತ್ತದೆ. ತುಂಬಿದ ಬಸ್ಸಿನಲ್ಲಿ "ಅಕ್ಕಾ, ಸ್ವಲ್ಪ ಆಚೆ ಸರೀತೀರಾ?" ಅಂದರೆ ಬೇಕಾದಷ್ಟು ಮರ್ಯಾದೆ ಆಯ್ತು. "ದಯವಿಟ್ಟು ಸರಿಯಿರಿ" ಅಂದರೆ ಬೋರ್ಡು ಓದಿದ ಹಾಗೆ ಇರುತ್ತದೆ, ಕೆಲವೊಮ್ಮೆ ಸಿಟ್ಟಿನಿಂದ ಹೇಳಿದ ಹಾಗೂ ಕೇಳಿಸುತ್ತದೆ. ಕಂಡಕ್ಟರಿಗೆ "ಶಿರಸಿ ಒಂದು ಕೊಡಿ" ಅಂದರೆ ಸಾಕು.

ಧನ್ಯವಾದದ ವಿಷಯವೂ ಹಾಗೆಯೇ. ಸಭೆಯಲ್ಲಿ, ಪತ್ರದಲ್ಲಿ ಅದು ಬೇಕು. ಪಕ್ಕದ ಮನೆಯವರು ಒಂದು ಕುಕ್ಕೆ ಹಲಸಿನಹಣ್ಣು ತಂದುಕೊಟ್ಟಾಗ "ಧನ್ಯವಾದಗಳು" ಅಂದರೆ ಲೆಕ್ಕ ಚುಕ್ತಾ ಮಾಡಿದ ಹಾಗಾಗುತ್ತದೆ. ನಮ್ಮಲ್ಲಿ "ಅಯ್ಯೋ, ಇಷ್ಟೆಲ್ಲ ಯಾಕೆ ತಂದ್ರಿ?" ಅನ್ನುತ್ತಾರೆ. "ಬನ್ನಿ, ಆಸರಿಗೆ ಎಂತ ಮಾಡ್ಲಿ?" ಅಂತ ಒಳಗೆ ಕರೆಯುತ್ತಾರೆ. ಆಸರಿ ಅಂದರೆ ದಣಿದು ಬಂದವರಿಗೆ ಕೊಡುವ ಚಹಾ, ಮಜ್ಜಿಗೆ, ಪಾನಕ, ಏನಾದರೂ. ಆಮೇಲೆ ಕವಳದ, ಅಂದರೆ ಎಲೆಅಡಿಕೆಯ, ತಟ್ಟೆ ಮುಂದೆ ಬರುತ್ತದೆ. ಮುಂದಿನ ವಾರ ಆ ಕುಕ್ಕೆ ಖಾಲಿ ಹೋಗುವುದಿಲ್ಲ, ಅದರಲ್ಲಿ ನಿಮ್ಮ ಮನೆಯ ಸೌತೆಕಾಯಿಯೋ ಬಾಳೆಕಾಯಿಯೋ ಇರುತ್ತದೆ. ನಿಜಕ್ಕೂ ದೊಡ್ಡ ಸಹಾಯ ಆಗಿದ್ದರೆ "ನೀವು ಬಂದಿದ್ದು ಬಹಳ ಉಪಕಾರ ಆಯ್ತು" ಅನ್ನಿ. ಆಗ ಅದು ಮನಸ್ಸಿಗೆ ತಾಗುತ್ತದೆ.

ಕ್ಷಮೆ ಕೇಳುವಾಗಲೂ "ಕ್ಷಮಿಸಿ" ಅನ್ನುವುದಕ್ಕಿಂತ "ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನುವುದು ಹತ್ತಿರದ ಮಾತು. ಕಾಲು ತಾಗಿದರೆ ಮಾತೇ ಬೇಡ, ತಾಗಿದವರನ್ನು ಕೈಯಿಂದ ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಯಾರನ್ನು ಏನೆಂದು ಕರೆಯಬೇಕು?

ಹೆಸರು ಹಿಡಿದು ಕರೆಯುವುದನ್ನು ಆದಷ್ಟು ಕಡಿಮೆ ಮಾಡಿ. ಪೇಟೆಯಲ್ಲಿ ಮೀನು ಮಾರುವವರು, ಹೂ ಮಾರುವವರು "ಅಕ್ಕಾ". ಶಾಲೆಯಲ್ಲಿ ಗಂಡಸರಾದರೆ "ಮಾಸ್ತರೇ", ಹೆಂಗಸರಾದರೆ "ಅಕ್ಕೋರೇ". ಊರಲ್ಲಿ ಹೆಗಡೇರು, ಭಟ್ರು, ನಾಯಕರು, ಗೌಡ್ರು, ಶೆಟ್ರು ಅಂತ ಅಡ್ಡಹೆಸರಿಗೇ ಗೌರವ ಸೇರಿಸಿ ಕರೆಯುವುದು ರೂಢಿ. ಚಿಕ್ಕ ಹುಡುಗರಿಗೆ "ತಮಾ", ಹುಡುಗಿಯರಿಗೆ "ತಂಗಿ". ಘಟ್ಟದ ಮೇಲಿನ ಮನೆಗಳಲ್ಲಿ ಮಕ್ಕಳಿಗೆ "ಅಪ್ಪಿ", "ಕೂಸೇ" ಅನ್ನುತ್ತಾರೆ. ಬ್ಯಾಂಕು, ಆಸ್ಪತ್ರೆಯಲ್ಲಿ "ಸರ್", "ಮೇಡಂ" ಈಗ ಪೂರ್ತಿ ಕನ್ನಡವೇ ಆಗಿಬಿಟ್ಟಿವೆ, ಧಾರಾಳವಾಗಿ ಹೇಳಿ.

"ನೀನು" ಕೇಳಿಸಿದರೆ ಗಾಬರಿ ಬೇಡ. ಬಹಳ ಮನೆಗಳಲ್ಲಿ ಆಯಿಗೆ "ನೀನು" ಅನ್ನುತ್ತಾರೆ, ದೇವರಿಗೂ "ನೀನು" ಅನ್ನುತ್ತಾರೆ. ನೀವಾಗಿ ಮಾತ್ರ "ನೀವು" ಬಿಡಬೇಡಿ. ಎದುರಿನವರು ಬಿಡಿಸುವವರೆಗೆ ಕಾಯಿರಿ.

ನನ್ನ ವಾಕ್ಯ ಯಾಕೆ ಪುಸ್ತಕದ ಹಾಗೆ ಕೇಳಿಸುತ್ತದೆ?

ಮೊದಲು "ನಾನು" ಎಷ್ಟು ಸಲ ಹೇಳುತ್ತೀರಿ ನೋಡಿ. ಕನ್ನಡದಲ್ಲಿ ಯಾರು ಮಾಡಿದ್ದು ಅಂತ ಕ್ರಿಯಾಪದವೇ ಹೇಳುತ್ತದೆ. "ನಾನು ನಾಳೆ ಬರ್ತೇನೆ, ನಾನು ಫೋನ್ ಮಾಡ್ತೇನೆ" ಅಂದರೆ ಬೇರೆಯವರಲ್ಲ, ನಾನೇ ಅಂತ ಒತ್ತಿ ಹೇಳಿದ ಹಾಗಾಗುತ್ತದೆ. "ನಾಳೆ ಬರ್ತೇನೆ, ಫೋನ್ ಮಾಡ್ತೇನೆ" ಸಾಕು.

ಎರಡನೆಯದು, ನಮಗೆ ಆಗುವ ಸಂಗತಿಗಳನ್ನು ನಾವು ಮಾಡಿದ ಕೆಲಸದ ಹಾಗೆ ಹೇಳುವುದು. "ನಾನು ಹಸಿದಿದ್ದೇನೆ" ಅಂತ ಊಟದ ಹೊತ್ತಿಗೆ ಯಾರೂ ಹೇಳುವುದಿಲ್ಲ. "ಹಸಿವಾಗ್ತಿದೆ" ಅನ್ನುತ್ತಾರೆ. ಚಳಿ ಆಗುತ್ತದೆ, ಜ್ವರ ಬರುತ್ತದೆ, ಸಿಟ್ಟು ಬರುತ್ತದೆ, ನೆನಪಾಗುತ್ತದೆ, ಸಾಕಾಗುತ್ತದೆ. ಇವೆಲ್ಲ ಮನುಷ್ಯನ ಹತ್ತಿರ ತಾವಾಗಿ ಬರುವ ಸಂಗತಿಗಳು. ಹಾಗೆಯೇ "ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ" ಅಂದರೆ ಯಾರದೋ ಮಕ್ಕಳು ಇವತ್ತು ನಿಮ್ಮ ಜೊತೆ ಇದ್ದಾರೆ ಅಂತ ತಿಳಿದಾರು. "ನನಗೆ ಇಬ್ಬರು ಮಕ್ಕಳು" ಅನ್ನಬೇಕು. ಅಲ್ಲಿ ಕ್ರಿಯಾಪದವೂ ಬೇಡ.

ಮೂರನೆಯದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಬಿಡು, ಕೊಡು, ಕೊಳ್ಳು, ಇಡು, ನೋಡು. ಇವೆಲ್ಲ ಯಾಕೆ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ?

ನನ್ನ ಮಟ್ಟಿಗೆ ಕನ್ನಡದ ಜೀವ ಇರುವುದು ಇಲ್ಲಿ. ಇದು ಬಂದವರಿಗೆ ಕನ್ನಡ ಬಂತು ಅಂತ ನಾನು ಲೆಕ್ಕ ಹಾಕುತ್ತೇನೆ.

"ಹೇಳು" ಅನ್ನುವ ಒಂದೇ ಕ್ರಿಯಾಪದ ತಗೊಳ್ಳಿ. ಅವನು ಹೇಳಿದ, ಅಷ್ಟೇ. ಪಾಠ ಹೇಳಿಕೊಟ್ಟ ಅಂದರೆ ಕಲಿಸಿದ. ಗುಟ್ಟು ಹೇಳಿಬಿಟ್ಟ ಅಂದರೆ ತಡೆಯಲಾಗದೆ ಹೊರಹಾಕಿದ, ಈಗ ಅದನ್ನು ಹಿಂದಕ್ಕೆ ತಗೊಳ್ಳುವ ಹಾಗಿಲ್ಲ. ಕಷ್ಟ ಹೇಳಿಕೊಂಡ ಅಂದರೆ ತನ್ನ ಮನಸ್ಸು ಹಗುರ ಮಾಡಿಕೊಂಡ. ಹೇಳಿ ನೋಡಿದ ಅಂದರೆ ಪ್ರಯತ್ನಪಟ್ಟ, ಬಹುಶಃ ಅವರು ಕೇಳಲಿಲ್ಲ. ಹೇಳಿಹೋದ ಅಂದರೆ ಹೇಳಿ ನಿಲ್ಲದೆ ಹೊರಟ, ಉತ್ತರಕ್ಕೆ ಕಾಯಲಿಲ್ಲ. ಹೇಳಿಟ್ಟ ಅಂದರೆ ಮುಂದೆ ಬೇಕಾಗುತ್ತದೆ ಅಂತ ಈಗಲೇ ತಿಳಿಸಿದ. ಅಡಿಕೆ ಕೊಯ್ಲು ಹತ್ತಿರ ಬಂದಾಗ ಶಿರಸಿಯ ತೋಟದವರು "ಕೊನೆಗೌಡನಿಗೆ ಹೇಳಿಟ್ಟಿದ್ದೇನೆ" ಅನ್ನುತ್ತಾರೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವವನು ಕೊನೆಗೌಡ. ಕೊಯ್ಲಿನ ಕಾಲದಲ್ಲಿ ಅವನು ಸಿಗುವುದೇ ಕಷ್ಟ. ಆ "ಇಟ್ಟಿದ್ದೇನೆ" ಅನ್ನುವುದರಲ್ಲಿ ಮುಂದಾಲೋಚನೆ ಇದೆ, ಅವನು ಒಪ್ಪಿದ್ದಾನೆ ಅನ್ನುವ ನೆಮ್ಮದಿಯೂ ಇದೆ. ಸುಮ್ನೆ "ಕೊನೆಗೌಡನಿಗೆ ಹೇಳಿದ್ದೇನೆ" ಅಂದರೆ ಸುದ್ದಿ ಮುಟ್ಟಿತು, ಅಷ್ಟೇ.

ಅಡುಗೆಮನೆಯಲ್ಲೂ ಇದೇ ಕಥೆ. ತಂಬುಳಿ ಮಾಡಿದಳು. ಮಾಡಿಕೊಟ್ಟಳು ಅಂದರೆ ಬೇರೆಯವರಿಗಾಗಿ ಮಾಡಿದಳು. ಮಾಡಿಕೊಂಡಳು ಅಂದರೆ ತನಗೆ. ಮಾಡಿಟ್ಟಳು ಅಂದರೆ ಆಮೇಲೆ ಬರುವವರಿಗೆ. ಮಾಡಿ ಹಾಕಿದಳು ಅಂದರೆ ವರ್ಷಗಟ್ಟಲೆ ಎಲ್ಲರ ಹೊಟ್ಟೆ ನೋಡಿಕೊಂಡಳು, ಯಾರೂ ಕೇಳಲಿಲ್ಲ ಅನ್ನುವ ನೋವೂ ಅದರಲ್ಲಿ ಸೇರಿರುತ್ತದೆ.

ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಪ್ರತಿ ಸಲ ಕೇಳಿದಾಗ ಯಾರಿಗೆ ಲಾಭ, ಯಾರಿಗೆ ನಷ್ಟ, ಕೆಲಸ ಮುಗಿಯಿತಾ, ಇನ್ನೂ ಬಾಕಿ ಇದೆಯಾ ಅಂತ ಮನಸ್ಸಿನಲ್ಲೇ ಕೇಳಿಕೊಳ್ಳಿ. ಕಿವಿ ಒಮ್ಮೆ ಅತ್ತ ತಿರುಗಿದರೆ ಆಮೇಲೆ ಎಲ್ಲ ಕಡೆ ಕೇಳಿಸತೊಡಗುತ್ತದೆ.

"ಅಂತೆ", "ಅಲ್ವಾ", "ಮತ್ತೆ" ಇವು ಬೇಕೇಬೇಕಾ?

ಬೇಕು. "ಅಂತೆ" ಇಲ್ಲದಿದ್ದರೆ ನೀವು ಕಣ್ಣಾರೆ ಕಂಡಿದ್ದೀರಿ ಅಂತ ಅರ್ಥ. "ಘಟ್ಟದಲ್ಲಿ ಗುಡ್ಡ ಕುಸಿದಿದೆ" ಅಂದರೆ ಸಾಕ್ಷಿ ನೀವೇ. "ಕುಸಿದಿದೆಯಂತೆ" ಅಂದರೆ ಯಾರೋ ಹೇಳಿದ್ದು ಕೇಳಿದ್ದೀರಿ. ಮಳೆಗಾಲದಲ್ಲಿ ನಮ್ಮ ಕಡೆ ಈ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ, ಜನ ಅದನ್ನು ನಂಬಿ ಹೊರಡುತ್ತಾರೆ ಅಥವಾ ನಿಲ್ಲುತ್ತಾರೆ. "ಅಲ್ವಾ" ಎದುರಿನವರನ್ನು ಮಾತಿಗೆ ಸೇರಿಸಿಕೊಳ್ಳುತ್ತದೆ. "ಮತ್ತೆ?" ಅಂತ ಒಂದೇ ಶಬ್ದ ಹೇಳಿ ಸುಮ್ಮನಿದ್ದರೆ, ಮುಂದೆ ಹೇಳಿ, ಕೇಳುತ್ತಿದ್ದೇನೆ ಅಂತ.

ಗಾದೆ, ನುಡಿಗಟ್ಟು ಜಾಸ್ತಿ ಕಲಿತರೆ ಮಾತು ಸಹಜ ಆಗುತ್ತದಾ?

ಗಾದೆ ಕಲಿತು ಅದನ್ನು ಹೇಳಲು ಅವಕಾಶ ಹುಡುಕುತ್ತಾ ಕೂತರೆ ಇನ್ನೂ ಅಸಹಜ ಆಗುತ್ತದೆ. ಗಾದೆ ತನ್ನ ಹೊತ್ತಿಗೆ ಬರಬೇಕು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುವುದು ಮಘಾ ನಕ್ಷತ್ರದ ಮಳೆ ಸುರಿಯುವಾಗ, ಅಥವಾ ಹುಡುಗ ಇನ್ನೊಂದು ತುತ್ತಿಗೆ ಬೇಡ ಅನ್ನುವಾಗ ಚೆಂದ. ಡಿಸೆಂಬರಿನಲ್ಲಿ ಅದನ್ನು ಹೇಳಿ ಏನು ಮಾಡುವುದು?

ನಿಜವಾಗಿ ಬೇಕಾಗುವುದು ಕಣ್ಣಿಗೆ ಬೀಳದ ನುಡಿಗಟ್ಟುಗಳು. ದೇವರ ಮುಂದಿನ ದೀಪವನ್ನು ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತಾರೆ. ಬಾಗಿಲು ಮುಚ್ಚು ಅನ್ನಲು ಹಿಂಜರಿಯುವವರು ಮುಂದೆ ಮಾಡು ಅನ್ನುತ್ತಾರೆ. ಹಿರಿಯರು ಸಾಯುವುದಿಲ್ಲ, ತೀರಿಕೊಳ್ಳುತ್ತಾರೆ. ಟಿವಿಯ "ಸಾವನ್ನಪ್ಪಿದ್ದಾರೆ" ಅನ್ನುವ ಮಾತನ್ನು ಯಾವ ಮನೆಯ ಅಂಗಳದಲ್ಲೂ ನಾನು ಕೇಳಿಲ್ಲ. ಸಾವಿನ ಮನೆಗೆ ಹೋಗಿ ಅಲ್ಲಿ ಏನು ಹೇಳಬೇಕು ಅಂತ ಗೊತ್ತಾಗದವರಿಗೆ ಹೇಳುತ್ತೇನೆ, ಮಾತೇ ಆಡದೆ ಒಂದು ಗಳಿಗೆ ಕೂತು ಬಂದರೂ ತಪ್ಪಲ್ಲ. ಅಲ್ಲಿಂದ ಹೊರಡುವಾಗ ಮಾತ್ರ "ಬರ್ತೇನೆ" ಅನ್ನಬೇಡಿ.

ಇಂಗ್ಲಿಷ್ ಶಬ್ದ ಬೆರೆಸಿದರೆ ಕನ್ನಡ ಕೆಡುತ್ತದಾ?

ಶಬ್ದದಿಂದ ಅಷ್ಟು ಕೆಡುವುದಿಲ್ಲ. ಬಸ್ಸು, ಫೋನು, ಚಾರ್ಜು, ಟಿಕೇಟು ಇವಕ್ಕೆ ನಮ್ಮ ಅಜ್ಜಿಯರೇ ಕನ್ನಡದ ಬಾಲ ಹಚ್ಚಿ ಮನೆಯೊಳಗೆ ಕರೆದುಕೊಂಡಿದ್ದಾರೆ. ಕೆಡುವುದು ವಾಕ್ಯದ ಕಟ್ಟಡದಿಂದ. "ಬಸ್ಸು ತಪ್ಪಿತು" ಸರಿ. "ಬಸ್ ಮಿಸ್ ಆಯ್ತು" ಅನ್ನುವುದರಲ್ಲಿ ಎರಡು ಇಂಗ್ಲಿಷ್ ಶಬ್ದ ಇದೆ, ಆದರೂ ಬೆನ್ನೆಲುಬು ಕನ್ನಡದ್ದು. "ನಾನು ಬಸ್ಸನ್ನು ಕಳೆದುಕೊಂಡೆ" ಅನ್ನುವುದು ಹೆಚ್ಚುಕಡಿಮೆ ಪೂರ್ತಿ ಕನ್ನಡದ ಶಬ್ದಗಳೇ. ಆದರೆ ಅದನ್ನು ಕೇಳಿದ ಕಂಡಕ್ಟರು ಬಸ್ಸಿನ ಮಾಲೀಕರು ನೀವೇನಾ ಅಂತ ಕೇಳಬಹುದು. ಅಚ್ಚಗನ್ನಡ ಬೇಕು ಅಂತ ಹಟ ಹಿಡಿಯುವವರು ಈ ಮೂರನೆಯ ಬಗೆಯ ವಾಕ್ಯದ ಕಡೆ ಸ್ವಲ್ಪ ನೋಡಲಿ ಅನ್ನುವುದು ನನ್ನ ಆಸೆ.

ಯಕ್ಷಗಾನದಲ್ಲಿ ಒಂದೂ ಇಂಗ್ಲಿಷ್ ಶಬ್ದ ಇಲ್ಲದೆ ಮಾತಾಡುತ್ತಾರಲ್ಲ. ಅದನ್ನು ಕೇಳಿ ಕಲಿಯಬಹುದಾ?

ಕೇಳಲೇಬೇಕು. ಹೊನ್ನಾವರದ ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ಶುರುವಾದದ್ದು. ಅಂಥ ಮೇಳಗಳ ಊರು ಇದು. ಪದ್ಯ ಮಾತ್ರ ಮೊದಲೇ ಬರೆದದ್ದು. ಮಾತನ್ನು ಕಲಾವಿದರು ರಂಗದ ಮೇಲೇ ಕಟ್ಟುತ್ತಾರೆ. ತಾಳಮದ್ದಲೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಎದುರಿನ ಅರ್ಥಧಾರಿ ಎಸೆದ ಮಾತನ್ನು ಹಿಡಿದು ಆ ಕ್ಷಣದಲ್ಲೇ ತಿರುಗಿಸಿ ಕೊಡಬೇಕು. ಹಾಗೆ ಮಾತಾಡಲು ಬರಿ ಶಬ್ದ ಸಾಲುವುದಿಲ್ಲ. ಎದುರಿನವರ ಮಾತಿನ ಕೊನೆಯ ತುಂಡನ್ನೇ ಎತ್ತಿಕೊಂಡು ಮಾತು ಮುಂದುವರಿಸುವುದನ್ನು ಅಲ್ಲಿ ನೋಡಿ, ಮನೆಯಲ್ಲಿ ಮಾಡಿ. ಆ ಸಂಸ್ಕೃತ ತುಂಬಿದ ಗತ್ತಿನ ಕನ್ನಡವನ್ನು ಮಾತ್ರ ಮೀನು ಪೇಟೆಗೆ ಒಯ್ಯಬೇಡಿ.

ಫೋನಿನಲ್ಲಿ, ಬ್ಯಾಂಕಿನ ಮೆಸೇಜಿನಲ್ಲಿ ಬರುವ ಕನ್ನಡ ಯಾಕೆ ಹಾಗಿರುತ್ತದೆ?

"ನಿಮ್ಮ ವಿನಂತಿಯನ್ನು ಯಶಸ್ವಿಯಾಗಿ ಸ್ವೀಕರಿಸಲಾಗಿದೆ." ಇದು ಮೊದಲು ಇಂಗ್ಲಿಷಿನಲ್ಲಿ ಹುಟ್ಟಿ, ಆಮೇಲೆ ಒಂದೊಂದೇ ಶಬ್ದ ಬದಲಾಗಿ ನಮ್ಮ ಕೈಗೆ ಬಂದ ವಾಕ್ಯ. ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಬದಲಾಯಿಸಿದವರಿಗೂ ಯಂತ್ರಕ್ಕೂ ಕಾಣುವುದಿಲ್ಲ. ಕನ್ನಡದಲ್ಲಿ "ನಿಮ್ಮ ಅರ್ಜಿ ಬಂದು ಸೇರಿದೆ" ಅಂದರೆ ಮುಗಿಯಿತು. "ಯಶಸ್ವಿಯಾಗಿ" ಬೇಡ, ಬಂದು ಸೇರಿದ ಮೇಲೆ ಯಶಸ್ಸು ಅಲ್ಲೇ ಇದೆ. "ಸಲಾಗಿದೆ", "ಲ್ಪಟ್ಟಿದೆ" ಅಂತ ಮುಗಿಯುವ ವಾಕ್ಯ ನಮ್ಮ ಬಾಯಿಮಾತಿನಲ್ಲಿ ತೀರಾ ಅಪರೂಪ. ನಿಮ್ಮ ಕೆಲಸದಲ್ಲಿ ಕನ್ನಡ ನೋಟಿಸು ಬರೆಯುವುದಿದ್ದರೆ ಅದನ್ನು ಜೋರಾಗಿ ಓದಿ ನೋಡಿ. ಕೌಂಟರಿನ ಎದುರು ನಿಂತ ಮುದುಕರಿಗೆ ಇದೇ ಮಾತನ್ನು ಹೀಗೇ ಹೇಳುತ್ತೀರಾ ಅಂತ ಕೇಳಿಕೊಳ್ಳಿ. ಹೇಳುವುದಿಲ್ಲ ಅಂತಾದರೆ, ಹೇಗೆ ಹೇಳುತ್ತೀರೋ ಅದನ್ನೇ ಬರೆಯಿರಿ.

ಕೇಳಿ ಕಲಿಯಲು ಎಲ್ಲಿ ಹೋಗಬೇಕು?

ಕೈಗೆ ಕೆಲಸ ಇರುವ ಜಾಗಕ್ಕೆ. ಜನ ಕೆಲಸ ಮಾಡುತ್ತಾ ಮಾತಾಡುವಾಗ ಮಾತಿನ ಕಡೆ ಗಮನ ಇರುವುದಿಲ್ಲ, ಹಾಗಾಗಿ ಮಾತು ತನ್ನ ಪಾಡಿಗೆ ಬರುತ್ತದೆ. ಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಅಡಿಕೆ ಸುಲಿಯಲು ಅಕ್ಕಪಕ್ಕದವರು ಸೇರುತ್ತಾರೆ. ಒಬ್ಬೊಬ್ಬರ ಮುಂದೆ ಒಂದು ಮೆಟ್ಟುಗತ್ತಿ, ಪಕ್ಕದಲ್ಲಿ ಬುಟ್ಟಿ. ಅಡಿಕೆ ಸಿಪ್ಪೆ ಬಿಡಿಸುವ ಸದ್ದಿನ ನಡುವೆ ಮಾತು ಹೀಗೆ ಸಾಗುತ್ತದೆ:

"ಮಳೆ ಬರೋ ಹಾಗೆ ಕಾಣ್ತದೆ."
"ಬಂದ್ರೆ ಅಂಗಳದ್ದು?"
"ಆಗ್ಲೇ ಒಳಗೆ ಹಾಕಿಸಿ ಆಯ್ತು."
"ಯಾರಿದ್ರು?"
"ತಮ್ಮ ಬಂದಿದ್ನಲ್ಲ."

ಐದು ಮಾತಿನಲ್ಲಿ ಒಮ್ಮೆಯೂ "ನಾನು" ಇಲ್ಲ, "ಅಡಿಕೆ" ಅನ್ನುವ ಶಬ್ದವೂ ಇಲ್ಲ. ಎಲ್ಲರ ಕೈಯಲ್ಲಿ ಇರುವುದನ್ನು ಹೆಸರು ಹಿಡಿದು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. "ಹಾಕಿಸಿ ಆಯ್ತು" ಅಂದಾಗ ಕೆಲಸ ಮುಗಿದದ್ದೂ, ಬೇರೆಯವರಿಂದ ಮಾಡಿಸಿದ್ದೂ ಎರಡೂ ಬಂತು. ಕೊನೆಯ "ಅಲ್ಲ" ಇದೆಯಲ್ಲ, ಅದು ಇಲ್ಲ ಅನ್ನುವುದಕ್ಕಲ್ಲ. ನಿಮಗೆ ಗೊತ್ತಿರುವ ವಿಷಯವೇ, ನೆನಪು ಮಾಡಿಕೊಳ್ಳಿ ಅಂತ. ಇಂಥ ಒಂದು ಸಂಜೆಯನ್ನು ಗಮನವಿಟ್ಟು ಕೇಳಿದರೆ ನನ್ನ ಎಷ್ಟೋ ಪಾಠ ಬೇಡ.

ಕಾರವಾರದಲ್ಲಿ ಇರುವವರು ಸಂತೆಗೆ, ಮೀನು ಪೇಟೆಗೆ ಹೋಗಿ. ಒಬ್ಬಳೇ ಹೆಂಗಸು ಬಂಗಡೆ ಬುಟ್ಟಿ ಮುಂದಿಟ್ಟುಕೊಂಡು ಒಬ್ಬರಿಗೆ ಕೊಂಕಣಿಯಲ್ಲಿ, ಇನ್ನೊಬ್ಬರಿಗೆ ಕನ್ನಡದಲ್ಲಿ, ಮತ್ತೊಬ್ಬರಿಗೆ ಹಿಂದಿಯಲ್ಲಿ ಚೌಕಾಸಿ ಮಾಡುವುದು ಕೇಳಿಸುತ್ತದೆ. ಆಕೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದ ಮಾಡುತ್ತಿಲ್ಲ. ಪ್ರತಿ ಭಾಷೆಯಲ್ಲೂ ಚೌಕಾಸಿಯ ಮಾತು ಯಾವುದೋ ಅದನ್ನೇ ಆಡುತ್ತಾಳೆ.

ಓದು ಬರಹ ಬರದೆ ಭಾಷೆ ಚೆನ್ನಾಗಿ ಬರಲು ಸಾಧ್ಯವಾ?

ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋದವರಲ್ಲ. ಹಾಲಕ್ಕಿಯವರ ಹಾಡುಗಳ ದೊಡ್ಡ ಸಂಗ್ರಹವೇ ಅವರ ನೆನಪಿನಲ್ಲಿ ಇತ್ತು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಸಾಧ್ಯವಾ ಅಂತ ಕೇಳುವವರಿಗೆ ನನ್ನ ಉತ್ತರ ಸುಕ್ರಜ್ಜಿಯೇ.

ನನ್ನ ಮಾತು ಸಹಜ ಆಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

"ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ಅಂತ ಜನ ಹೊಗಳುವುದು ನಿಲ್ಲುತ್ತದೆ. ಹೊಗಳುವುದು ಹೊರಗಿನವರನ್ನು ಮಾತ್ರ. ಆಮೇಲೆ ನಿಮ್ಮ ಜೊತೆ ಮಾತಾಡುವಾಗ ವೇಗ ಕಡಿಮೆ ಮಾಡುವುದಿಲ್ಲ. ಆಮೇಲೆ ಚೌಕಾಸಿಯಲ್ಲಿ ಬಿಟ್ಟುಕೊಡುವುದಿಲ್ಲ. ನಿಮ್ಮೆದುರು ಮೂರನೆಯವರ ಸುದ್ದಿ ತೆಗೆಯುತ್ತಾರೆ. ಅಲ್ಲಿಗೆ ಬಂದರೆ ನೀವು ಬಂದ ಹಾಗೆಯೇ.

ಮಕ್ಕಳು ಅಜ್ಜಿಯ ಜೊತೆ ಮಾತಾಡಲು ನಾಚಿಕೊಳ್ಳುತ್ತಾರೆ. ಏನು ಮಾಡಲಿ?

ಹೊರಗೆ ಬೆಳೆದ ಮಕ್ಕಳ ತಂದೆತಾಯಿ ಕೇಳುವ ಪ್ರಶ್ನೆ ಇದು. ಮಗು ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಏನೋ ಹೇಳುತ್ತದೆ, ಸುತ್ತ ಕೂತ ದೊಡ್ಡವರೆಲ್ಲ ನಗುತ್ತಾರೆ. ಪ್ರೀತಿಯ ನಗುವೇ ಇರಬಹುದು, ಆದರೆ ಮಗು ಆ ದಿನದಿಂದ ಬಾಯಿ ಮುಚ್ಚುತ್ತದೆ. ಮೊದಲು ಆ ನಗು ನಿಲ್ಲಿಸಿ. "ಅಜ್ಜಿ ಹತ್ರ ಕನ್ನಡದಲ್ಲಿ ಮಾತಾಡು" ಅಂತ ಅಪ್ಪಣೆ ಮಾಡಬೇಡಿ, ಇಬ್ಬರಿಗೂ ಒಟ್ಟಿಗೆ ಮಾಡುವ ಕೆಲಸ ಕೊಡಿ. ಹೂ ಕೊಯ್ಯುವುದು, ತೊಡದೇವು ಅನ್ನುವ ತೆಳು ಸಿಹಿತಿಂಡಿ ಮಾಡುವಾಗ ಪಕ್ಕದಲ್ಲಿ ಕೂತು ಒಂದೊಂದೇ ಮಡಚಿಡುವುದು, ಕರುವಿಗೆ ಹುಲ್ಲು ಹಾಕುವುದು. ಕೆಲಸದ ಮಾತು ಚಿಕ್ಕದು, ಮತ್ತೆ ಮತ್ತೆ ಬರುತ್ತದೆ: ತಾ, ಹಿಡಿ, ಇಡು, ಸಾಕು, ಇನ್ನೊಂಚೂರು. ತಪ್ಪು ಮಾಡಿದರೆ ತಡೆದು ತಿದ್ದಬೇಡಿ. ಮಗು "ಕರು ಹುಲ್ಲು ಈಟ್ ಮಾಡ್ತು" ಅಂದರೆ ಅಜ್ಜಿ "ಹೌದಾ, ತಿಂತಾ? ಪೂರ್ತಿ ತಿಂತಾ?" ಅಂತ ಕೇಳಲಿ. ತಿದ್ದುವುದು ಅಷ್ಟರಲ್ಲೇ ಆಯ್ತು.

ನಿಮ್ಮ ಮನೆಯ ಮಾತು ಹವಿಗನ್ನಡವಿರಲಿ, ಕೊಂಕಣಿಯಿರಲಿ, ಹಾಲಕ್ಕಿಯಿರಲಿ, ಮಗುವಿನ ಜೊತೆ ಅದನ್ನೇ ಆಡಿ. ಶಾಲೆಯ ಕನ್ನಡ ಶಾಲೆಯಲ್ಲಿ ಸಿಗುತ್ತದೆ. ನಿಮ್ಮ ಮನೆಯ ಮಾತು ನಿಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ರಜೆ ಚಿಕ್ಕದಾದರೆ ವಾರಕ್ಕೊಮ್ಮೆ ಅಜ್ಜಿಗೆ ಫೋನ್ ಹಚ್ಚಿ ಮಗುವಿನ ಕೈಗೆ ಕೊಡಿ, ನೀವು ಪಕ್ಕದ ಕೋಣೆಗೆ ಹೋಗಿ.